ಕಣ್ಣು ಮಿಟುಕಿಸಿ

ಭಾವ ಅಮೆರಿಕದಿಂದ ಬಂದಿದ್ದಾರೆ. ಸೂಟ್‌ಕೇಸಿನ ತಳದಿಂದ ನನ್ನ ಡಿಸ್ಕ್ ಡಬ್ಬಿ ತೆಗೆದುಕೊಟ್ಟು, "ಯೂಟ್ಯೂಬಲ್ಲಿ ಪುಕ್ಕಟೆ ಸಿಗತ್ತೆ ಮಾರಾಯ, ಇದಕ್ಕೆ 50 ಡಾಲರ್ ದಂಡ ಯಾಕೆ?" ಎಂದರು. ಭಾವ ಒಳ್ಳೆಯವರೇ. ಆದರೆ ಅವರ ಸೂಟ್‌ಕೇಸಿನಲ್ಲಿ ಬಾದಾಮಿಗೆ ಇರುವ ಮರ್ಯಾದೆ ಇನ್ಯಾವುದಕ್ಕೂ ಇಲ್ಲ.

ಅವರು ಹೇಳಿದ್ದು ಸುಳ್ಳೇನಲ್ಲ. ಸತ್ತವರು ಎದ್ದು ಬಂದು ಬದುಕಿದ್ದವರನ್ನು ತಿನ್ನುವ ಹಳೆಯ ಸಿನಿಮಾ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಅಮೆರಿಕದಲ್ಲಿ ಯಾರಪ್ಪನ ಆಸ್ತಿಯೂ ಅಲ್ಲ. 1968ರಲ್ಲಿ ಬಿಡುಗಡೆಗೆ ಮೊದಲು ಹೆಸರು ಬದಲಾಯಿಸಿದರು. ಹೊಸ ಟೈಟಲ್ ಕಾರ್ಡಿನಲ್ಲಿ ಕಾಪಿರೈಟ್ ಗೆರೆ ಹಾಕುವುದನ್ನೇ ಮರೆತರು. ಅಷ್ಟೇ. ಪಿಟ್ಸ್‌ಬರ್ಗಿನ ನಿರ್ದೇಶಕ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸುಮಾರು 1,14,000 ಡಾಲರ್ ಒಟ್ಟು ಮಾಡಿ, ರಕ್ತಕ್ಕೆ ಬಾಸ್ಕೋ ಚಾಕೊಲೇಟ್ ಸಿರಪ್ ಸುರಿದು ಮಾಡಿದ ಸಿನಿಮಾ ಕಾನೂನಿನ ಲೆಕ್ಕದಲ್ಲಿ ಅನಾಥವಾಯಿತು. ಯಾರು ಬೇಕಾದರೂ ಪ್ರಿಂಟ್ ಹಾಕಿ ಮಾರಿದರು. ನಾನು ಕಾಲೇಜಿನಲ್ಲಿದ್ದಾಗ ಫುಟ್‌ಪಾತಿನಲ್ಲಿ ಕೊಂಡ ಡಿವಿಡಿಯಲ್ಲಿ ರಾತ್ರಿ ಎಂದರೆ ಬರೀ ಮಸಿ. ಯಾರು ಯಾರನ್ನು ತಿನ್ನುತ್ತಿದ್ದಾರೆ ಎಂದು ಊಹಿಸಿಕೊಳ್ಳಬೇಕಿತ್ತು.

ಈಗ ಬಂದಿರುವುದು ಒಳ್ಳೆಯ ಸಿನಿಮಾಗಳನ್ನು ಡಿಸ್ಕಿನಲ್ಲಿ ತರುವ ಅಮೆರಿಕದ ಕಂಪನಿ ಕ್ರೈಟೀರಿಯನ್‌ನವರ 4ಕೆ ಡಬ್ಬಿ. ಮೂಲ ಕ್ಯಾಮೆರಾ ನೆಗೆಟಿವ್‌ನಿಂದಲೇ ಸರಿಪಡಿಸಿದ್ದು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಮಾಡಿದ ಕೆಲಸ. 2017ರಲ್ಲಿ ತೀರಿಕೊಳ್ಳುವ ಮೊದಲು ರೊಮೆರೊ ಅದನ್ನು ನೋಡಿದ್ದರು ಎಂಬುದೇ ನನಗೆ ಸಮಾಧಾನ. ಡಬ್ಬಿಯಲ್ಲಿ ಮೂರು ಡಿಸ್ಕ್. 4ಕೆ ಡಿಸ್ಕಿಗೆ ಗಡಿ ಗಿಡಿ ಇಲ್ಲ, ನಮ್ಮ ಪ್ಲೇಯರಿನಲ್ಲೂ ಓಡಿತು. ಉಳಿದೆರಡು ಬ್ಲೂ-ರೇ ಎ ವಲಯದ ಪ್ಲೇಯರಿನಲ್ಲಿ ಮಾತ್ರ ಓಡುವಂಥವು, ನಾವಿರುವುದು ಸಿ ವಲಯ. ಹಾಗಾಗಿ 'ನೈಟ್ ಆಫ್ ಅನುಬಿಸ್' ಎಂಬ ಹಳೆಯ ಹೆಸರಿನಲ್ಲಿದ್ದ ಕಚ್ಚಾ ಪ್ರತಿಯನ್ನು ನೋಡುವ ನನ್ನ ಆಸೆಗೆ ಕಲ್ಲು ಬಿತ್ತು. ಹೆಂಡತಿ ಏನೂ ಹೇಳಲಿಲ್ಲ. ಭಾವನ ಮುಖ ನೋಡಿ ನಕ್ಕಳು, ಅಷ್ಟೇ ಸಾಕಾಯಿತು.

ಇದು ನವೆಂಬರ್. ಪೆನ್ಷನ್ ತಗೊಳ್ಳುವವರು ಬದುಕಿದ್ದೇವೆ ಎಂದು ಸರ್ಟಿಫಿಕೇಟ್ ಕೊಡುವ ತಿಂಗಳು, ಅಂಥವರು ಇರುವ ಮನೆಯವರಿಗೆ ಉಳಿದದ್ದು ಹೇಳಬೇಕಿಲ್ಲ. ಮಂಗಳವಾರ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ ಮೊಬೈಲ್ ಹಿಡಿದೆ. ಅಮ್ಮ 33 ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು. ಫೋಟೋ ಎಂದರೆ ನೆಟ್ಟಗೆ ಕೂತು ಕಣ್ಣು ಅಗಲ ಮಾಡುವುದು ರೂಢಿ. ಆ್ಯಪಿಗೆ ಅದು ಬೇಡ. ಕಣ್ಣು ಮಿಟುಕಿಸಬೇಕಂತೆ. ಆಗ ಮಾತ್ರ ಇದು ಫೋಟೋ ಅಲ್ಲ, ಜೀವ ಇರುವ ಮನುಷ್ಯ ಎಂದು ನಂಬುತ್ತದೆ.

"ಮಿಟುಕಿಸಮ್ಮ."

"ಮಿಟುಕಿಸಿದ್ನಲ್ಲ."

"ಇನ್ನೊಂದ್ಸಲ."

ಕನ್ನಡಕ ತೆಗೆಸಿದೆ. ಪರದೆ ಸರಿಸಿದೆ. ನಾಲ್ಕನೇ ಸಲಕ್ಕೆ ಅಮ್ಮ ಮಿಟುಕಿಸಿದ ರಭಸಕ್ಕೆ ಇಡೀ ಮುಖ ಮುದುಡಿತು, ಹಸಿರು ವೃತ್ತ ಮೂಡಿತು. "ಈ ವರ್ಷಕ್ಕೆ ಬದುಕಿದೆ" ಎಂದು ಎದ್ದು ಅನ್ನಕ್ಕಿಡಲು ಹೋದಳು.

ಗುರುವಾರ ರಾತ್ರಿ ಸಿನಿಮಾ ಹಾಕಿದೆ. ಅಮ್ಮ ನೋಡುತ್ತಾಳೆಂದು ಅಂದುಕೊಂಡಿರಲಿಲ್ಲ. ಸುಮ್ನೆ ಅವರೆಕಾಯಿ ಸುಲಿಯುತ್ತಾ ಕೂತಳು. ಮೊದಲ ದೃಶ್ಯದಲ್ಲಿ ಅಣ್ಣ ತಂಗಿ ಅಪ್ಪನ ಸಮಾಧಿಗೆ ಹಾರ ಇಡಲು ಬರುತ್ತಾರೆ. ಅಣ್ಣ ಸ್ಮಶಾನದಲ್ಲೇ ತಂಗಿಯನ್ನು ಹೆದರಿಸಿ ತಮಾಷೆ ಮಾಡುತ್ತಾನೆ, ಸ್ವಲ್ಪ ಹೊತ್ತಿಗೇ ಸಾಯುತ್ತಾನೆ. "ಅಪ್ಪನ ಸಮಾಧಿ ಮುಂದೆ ಹೀಗಾಡಿದ್ರೆ ಇನ್ನೇನಾಗತ್ತೆ?" ಎಂದಳು. ಆಮೇಲೆ ಅವರೆಕಾಯಿ ಕೈಯಲ್ಲೇ ಉಳಿಯಿತು.

ತೋಟದ ಮನೆಯೊಂದರಲ್ಲಿ ಏಳು ಜನ ಸಿಕ್ಕಿಹಾಕಿಕೊಂಡಿದ್ದಾರೆ. ಕಪ್ಪು ಯುವಕ ಬೆನ್ ಟೇಬಲ್ ಮುರಿದು ಕಿಟಕಿಗೆ ಹಲಗೆ ಬಡಿಯುತ್ತಾನೆ. 4ಕೆಯಲ್ಲಿ ಆ ಹಲಗೆಯ ನಾರು ಕೂಡ ಕಾಣುತ್ತದೆ. ಬೋಳುತಲೆಯ ಕೂಪರ್ ಮಾತ್ರ ನೆಲಮಾಳಿಗೆಯೇ ಸೇಫ್ ಎಂದು ಜಗಳಕ್ಕೆ ನಿಲ್ಲುತ್ತಾನೆ. ಅವನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಆದರೆ ಕೊನೆಗೆ ಬೆನ್ ರಾತ್ರಿ ಕಳೆದು ಉಳಿಯುವುದು ಅದೇ ನೆಲಮಾಳಿಗೆಯಲ್ಲಿ! "ಮೂದೇವಿ ಹೇಳಿದ್ದು ಸರಿಯಾಗೇ ಇತ್ತು, ಹೇಳಿದ ರೀತಿ ಸರಿ ಇರ್ಲಿಲ್ಲ" ಎಂದಳು ಅಮ್ಮ. ಹಾಗೆ ಹೇಳುವಾಗ ನನ್ನ ಕಡೆ ಯಾಕೆ ನೋಡಿದಳೋ.

ಬೆಳಗಾಗುತ್ತದೆ. ನಾಯಿ, ಹೆಲಿಕಾಪ್ಟರ್, ಎದ್ದು ಓಡಾಡುವ ಹೆಣಗಳನ್ನು ಹೊಡೆಯಲು ಬಂದೂಕು ಹಿಡಿದು ಬಂದ ಬಿಳಿಯರ ಗುಂಪು. ಬೆನ್ ಮೇಲೆ ಬರುತ್ತಾನೆ, ಕಿಟಕಿಯಿಂದ ಇಣುಕುತ್ತಾನೆ. ಹೊರಗಿನಿಂದ ಒಂದೇ ಗುಂಡು. ಒಳ್ಳೆ ಗುರಿ ಎಂದು ಶೆರಿಫ್ ಹೊಗಳುತ್ತಾನೆ. ಮುಂದೆ ಬರೀ ಪೇಪರಿನಲ್ಲಿ ಬರುವಂಥ ಒರಟು ಚಿತ್ರಗಳು. ಮಾಂಸದ ಕೊಕ್ಕೆಯಲ್ಲಿ ಹೆಣ ಎಳೆಯುತ್ತಾರೆ, ಸುಡುತ್ತಾರೆ.

ಅಮ್ಮ ಕೇಳಿದಳು, "ಒಂದು ಮಾತು ಕೂಗಬಾರದಿತ್ತಾ? ನಾನು ಬದುಕಿದ್ದೀನಿ ಅಂತ?"

ನಾನು ಗೊತ್ತಿದ್ದದ್ದೆಲ್ಲ ಹೇಳಿದೆ. ಸ್ಕ್ರಿಪ್ಟಿನಲ್ಲಿ ಬೆನ್ ಕಪ್ಪು ಮನುಷ್ಯ ಅಂತ ಇರಲೇ ಇಲ್ಲ. ಆಡಿಷನ್‌ನಲ್ಲಿ ಡ್ವೇನ್ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡಿದ, ತಗೊಂಡೆವು ಎಂದು ರೊಮೆರೊ ಹೇಳುತ್ತಿದ್ದರು. ಆಮೇಲೆ 1968ರ ಏಪ್ರಿಲ್ 4ರ ರಾತ್ರಿ, ಪ್ರಿಂಟ್ ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುವಾಗ ರೇಡಿಯೊದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಬಂತು ಎಂದೂ ಹೇಳಿದ್ದಾರೆ. ನಾನು ಇನ್ನೂ ಹೇಳುತ್ತಿದ್ದೆ.

"ಅದಿರ್ಲಿ. ಕಪ್ಪಗಿದ್ದಾನೆ ಅಂತ ಹೊಡೆದ್ರಾ, ಹೆಣ ಅಂದ್ಕೊಂಡು ಹೊಡೆದ್ರಾ?"

ಸಿನಿಮಾದಲ್ಲಿ ಅವನ ಬಣ್ಣದ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಹತ್ತು ಸಲ ನೋಡಿದ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಮ್ಮನಿಗೆ 'ಕೂಗು' ಎಂಬುದು ಸುಮ್ಮನೆ ಬಾಯಿಗೆ ಬಂದ ಮಾತಲ್ಲ. ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ಅವಳಿಗೆ ಡೆಂಗಿ ಬಂದಿತ್ತು. ಸರ್ಟಿಫಿಕೇಟ್ ಗಲಾಟೆ ನನಗೆ ಮರೆತೇಹೋಯಿತು. ಪೆನ್ಷನ್ ನಿಂತಿತು. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಬದುಕಿದ್ದೀರಿ ಅಂತ ಇಲ್ಲಿ ತೋರಿಸ್ತಿಲ್ಲ ಮೇಡಂ" ಎಂದ. "ನಿನ್ನ ಮುಂದೆ ನಿಂತಿದ್ದೀನಲ್ಲಪ್ಪ." "ಸಿಸ್ಟಮ್ಮಲ್ಲಿ ಬರಬೇಕು." ಹುಡುಗ ಕೆಟ್ಟವನಲ್ಲ, ಅವನ ಹಿಂದೆ ಇನ್ನೂ ಮೂವತ್ತು ಟೋಕನ್ ಇದ್ದವು. ಅಮ್ಮ ಅವತ್ತು ಕ್ಲಾಸ್‌ರೂಮಿನ ದನಿ ತೆಗೆದಳು. "ಕತ್ತೆತ್ತಿ ನೋಡು ನನ್ನ!" ಇಡೀ ಹಾಲ್ ತಿರುಗಿತು. ನಾನು ಏನು ಮಾಡಿದೆ ಗೊತ್ತಾ? ಅವಳ ಸೆರಗು ಹಿಡಿದು ಎಳೆದೆ. "ಮೆತ್ತಗೆ ಮಾತಾಡಮ್ಮ, ಎಲ್ಲ ನೋಡ್ತಿದ್ದಾರೆ" ಎಂದೆ. ಕೆಲಸ ಮಾತ್ರ ಆ ಕೂಗಿನಿಂದಲೇ ಆಯಿತು. ಒಳಗಿನಿಂದ ಇನ್ನೊಬ್ಬರು ಎದ್ದು ಬಂದು ಫಾರಂ ಕೊಟ್ಟರು.

ಬೆನ್ ಕೂಗಿದ್ದರೆ ಹಾಗಾಗುತ್ತಿತ್ತಾ? ನನಗೆ ಅನುಮಾನ. ಆ ಗುಂಪು ಬಂದದ್ದೇ ಎಣಿಸಲಿಕ್ಕೆ. ಬೆಂಕಿಗೆ ಇನ್ನೊಂದು ಅಂತ ಅವರ ಲೆಕ್ಕ. ಕೌಂಟರಿನಲ್ಲಿ ಅಮ್ಮನ ಎದುರಿಗಿದ್ದದ್ದು ಕೀಬೋರ್ಡು, ಬಂದೂಕಲ್ಲ. ಅದೂ ಅಲ್ಲದೆ ಅವಳದು ಟೀಚರ್ ದನಿ. ನೀಟಾಗಿ ಸೀರೆ ಉಟ್ಟ ಮೇಡಂ ಕೂಗಿದರೆ ಜನ ತಿರುಗುತ್ತಾರೆ. ಅವತ್ತು ನಮ್ಮ ಹಿಂದೆ ಹರಕು ಚೀಲ ಹಿಡಿದ ಮುದುಕನೊಬ್ಬ ಇದ್ದ. ಅವನಿಗೂ ಅದೇ ಉತ್ತರ ಸಿಕ್ಕಿತು. ಅವನು ಕೂಗಲಿಲ್ಲ. ಚೀಲ ಮಡಚಿಕೊಂಡು ಮೆಟ್ಟಿಲಿಳಿದ. ಫಾರಂ ನನ್ನ ಕೈಯಲ್ಲಿತ್ತು, ಇನ್ನೊಂದು ಕೇಳಿ ತಗೊಂಡು ಅವನಿಗೆ ಕೊಡಬಹುದಿತ್ತು. ಹೊಳೆಯಲಿಲ್ಲ.

ನಿನ್ನೆ ರಾತ್ರಿ ಅಮ್ಮ ತಾನಾಗಿಯೇ ಕೇಳಿದಳು, "ಆ ಕೊನೆ ಒಂದು ಸಲ ಹಾಕು. ನಿಲ್ಲಿಸಿ ನಿಲ್ಲಿಸಿ." ಹಾಕಿದೆ. ಟಿವಿ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತಳು. ಕಿಟಕಿ, ನೆರಳಿನಲ್ಲಿ ಮುಖ, ಕೈಯಲ್ಲಿ ಬಂದೂಕು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

"ಕಣ್ಣು ಮಿಟುಕಿಸ್ತಾನೇನೋ, ಪಾಪ," ಎಂದಳು. "ಅಷ್ಟು ದೂರದಲ್ಲಿದ್ದವರಿಗೆ ಎಲ್ಲಿ ಕಾಣಬೇಕು."