ನಂದಿ ತಪ್ಪಲಿನ ವೈನರಿಗೆ ಹೋಗುವವರಿಗೆ: ಹೊಸ ವೈನ್‌ಮೇಕರ್ ಕೈರುಚಿ ಎಲ್ಲಿ ಸಿಗುತ್ತದೆ

ಅಡುಗೆಯವರು ಬದಲಾದರೆ ಅವತ್ತಿನ ಸಾರಿನಲ್ಲೇ ಗೊತ್ತಾಗುತ್ತದೆ. ವೈನ್‌ನಲ್ಲಿ ಹಾಗಲ್ಲ. ಹೊಸ ವೈನ್‌ಮೇಕರ್ ಬಂದಿದ್ದಾರಂತೆ, ರುಚಿ ನೋಡಿ ಬರೋಣ ಎಂದು ನಂದಿ ಬೆಟ್ಟದ ಕಡೆ ಹೊರಡುವವರು ಮೊದಲು ವರ್ಷದ ಲೆಕ್ಕ ಹಾಕಿಕೊಳ್ಳಬೇಕು. ಇವತ್ತು ನಿಮ್ಮ ಗ್ಲಾಸಿಗೆ ಬೀಳುವ ಕೆಂಪು ವೈನ್ ಎರಡು ಮೂರು ವರ್ಷದ ಹಿಂದಿನ ಕೊಯ್ಲಿನದಾಗಿರಬಹುದು, ಅದನ್ನು ಮಾಡಿದವರು ಬಿಟ್ಟುಹೋಗಿ ವರ್ಷವೇ ಆಗಿರಬಹುದು. ಹೊಸಬರ ಕೈರುಚಿ ಮೊದಲು ಸಿಗುವುದು ಬಿಳಿ ವೈನ್ ಮತ್ತು ತಿಳಿಗುಲಾಬಿ ಬಣ್ಣದ ರೋಸೆಯಲ್ಲಿ. ಫೆಬ್ರುವರಿಯಲ್ಲಿ ಕೊಯ್ದ ಬಿಳಿ ದ್ರಾಕ್ಷಿ ಸೋವಿನ್ಯೋಂ ಬ್ಲಾಂ ಸಾಮಾನ್ಯವಾಗಿ ಅದೇ ವರ್ಷ ಬಾಟಲಿ ಸೇರುತ್ತದೆ. ತಿಂಗಳುಗಟ್ಟಲೆ ಓಕ್ ಪೀಪಾಯಿಯಲ್ಲಿ ಕೂರುವ ಕ್ಯಾಬರ್ನೆ, ಶಿರಾಜ್‌ನಂಥ ಕೆಂಪು ವೈನ್‌ಗೆ ಇನ್ನಷ್ಟು ಕಾಯಲೇಬೇಕು.

ಹಾಗಾಗಿ ಬುಕ್ ಮಾಡುವಾಗಲೇ ಕೇಳಿ: ಹೊಸಬರು ಬಂದದ್ದು ಯಾವ ಕೊಯ್ಲಿಗೆ ಮೊದಲು? ಅವರ ಕೊಯ್ಲಿನ ಯಾವ ವೈನ್‌ಗಳು ಈಗ ಟೇಸ್ಟಿಂಗ್‌ಗೆ ಇವೆ? ಒಂದೇ ಹೆಸರಿನ ವೈನ್ ಎರಡು ವರ್ಷದ್ದು ಅಕ್ಕಪಕ್ಕ ಇಟ್ಟು ಕೊಡಬಹುದೇ? ಮೂರನೆಯದಕ್ಕೆ ಹೆಚ್ಚು ದುಡ್ಡು ಕೇಳಿದರೂ ಒಪ್ಪಿಕೊಳ್ಳಿ, ಇಡೀ ಪ್ರವಾಸದಲ್ಲಿ ಕಲಿಯಲು ಸಿಗುವುದೇ ಅದು. ಲೇಬಲ್ ಮೇಲಿನ ವರ್ಷ ಕೊಯ್ಲಿನ ವರ್ಷ ಎಂಬುದು ನೆನಪಿರಲಿ. ಹಳಬರು ಹುದುಗಿಸಿಟ್ಟ ವೈನನ್ನು ಹೊಸಬರು ಬೆರೆಸಿ ಬಾಟಲಿಗೆ ತುಂಬುವುದೂ ಉಂಟು. ಅಂಥದ್ದರಲ್ಲಿ ಇಬ್ಬರ ಕೈಯೂ ಇರುತ್ತದೆ.

ಈ ತಪ್ಪಲಿನಲ್ಲಿ ಹೆಚ್ಚು ಜನ ಹೋಗುವುದು ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದ ಗ್ರೋವರ್ ಝಾಂಪಾಕ್ಕೆ. ಕನ್ವಲ್ ಗ್ರೋವರ್ 1988ರಲ್ಲಿ ಶುರು ಮಾಡಿದ ಈ ಸಂಸ್ಥೆ 2012ರಲ್ಲಿ ನಾಸಿಕ್ ಕಡೆಯ ಝಾಂಪಾ ವೈನರಿ ಜೊತೆ ಸೇರಿತು. ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೋಲಾಂ 1990ರ ದಶಕದಿಂದ ಇಲ್ಲಿಗೆ ಸಲಹೆಗಾರರಾಗಿ ಬಂದವರು. ಸಲಹೆಗಾರರೇ ಬೇರೆ, ಕೊಯ್ಲಿನ ದಿನಗಳಲ್ಲಿ ಹಗಲು ರಾತ್ರಿ ಟ್ಯಾಂಕಿನ ಪಕ್ಕ ನಿಲ್ಲುವ ವೈನ್‌ಮೇಕರೇ ಬೇರೆ. ಯಾವ ವೈನರಿಗೆ ಹೋದರೂ ಬದಲಾದದ್ದು ಯಾರು ಎಂದು ಬಿಡಿಸಿ ಕೇಳಿ.

ಹೋಗುವುದಾದರೆ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹೋಗಿ. ನಮ್ಮಲ್ಲಿ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿ ಸವರುತ್ತಾರೆ. ಬೇಸಿಗೆಯಲ್ಲಿ ಸವರುವುದು ಕಡ್ಡಿ ಬಲಿಯಲಿಕ್ಕೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸವರುವುದು ಹಣ್ಣಿಗೆ. ಜುಲೈನಲ್ಲಿ ಹೋದವರಿಗೆ ಎಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ದಾರಿಯಲ್ಲಿ ಕಾಣುವ ಚಪ್ಪರದ ಕಪ್ಪು ದ್ರಾಕ್ಷಿಯೆಲ್ಲ ವೈನರಿಯದೆಂದು ತಿಳಿಯಬೇಡಿ. ಅದರಲ್ಲಿ ಬಹಳಷ್ಟು ಬೆಂಗಳೂರು ಬ್ಲೂ, ತಿನ್ನಲು ಮತ್ತು ಜ್ಯೂಸಿಗೆ ಹೋಗುವ ತಳಿ. ಕ್ಯಾಬರ್ನೆ ಹಣ್ಣು ಅದಕ್ಕಿಂತ ಚಿಕ್ಕದು.

ಬೆಂಗಳೂರಿನಿಂದ ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಮೇಲೆ ಬರಬಹುದು, ಅಥವಾ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಗೆ ಬಂದು ತಿರುಗಬಹುದು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ವಾಹನಗಳಿಂದ ಆ ಕಡೆ ವಿಪರೀತ ದಟ್ಟಣೆ. ವಾರದ ದಿನ, ಬೆಳಗಿನ ಮೊದಲ ಗುಂಪಿನಲ್ಲಿ ಹೋಗುವುದು ಒಳ್ಳೆಯದು. ನಂದಿ ಗ್ರಾಮದ ಭೋಗನಂದೀಶ್ವರನನ್ನೋ ಘಾಟಿ ಸುಬ್ರಹ್ಮಣ್ಯನನ್ನೋ ನೋಡುವುದಿದ್ದರೆ ಅದನ್ನು ಮುಗಿಸಿಕೊಂಡೇ ವೈನರಿಗೆ ಬನ್ನಿ. ಕುಡಿಯದ ಒಬ್ಬ ಡ್ರೈವರ್ ಇರಲೇಬೇಕು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಕೇಸು, ಐದಾರು ಸ್ಯಾಂಪಲ್ ನುಂಗಿದರೆ ಅಷ್ಟು ದಾಟುವುದು ಸುಲಭ. ಕರ್ನಾಟಕದಲ್ಲಿ 21 ತುಂಬಿರಬೇಕು, ಗುರುತಿನ ಚೀಟಿ ಇಟ್ಟುಕೊಳ್ಳಿ. ಗಾಂಧಿ ಜಯಂತಿಯಂದು, ಚುನಾವಣೆಯ ಹೊತ್ತಿನ ಒಣ ದಿನಗಳಲ್ಲಿ ರುಚಿಯೂ ಇಲ್ಲ, ಮಾರಾಟವೂ ಇಲ್ಲ.

ಒಳಗೆ ಸ್ಟೀಲ್ ಟ್ಯಾಂಕುಗಳ ಹತ್ತಿರ ಒಂದು ನಿಮಿಷ ನಿಲ್ಲಿ. ಕೊಯ್ಲಿನ ಕಾಲದಲ್ಲಿ ಬಿಳಿ ವೈನಿನ ಟ್ಯಾಂಕಿನ ಮೈ ಬೆವರಿರುತ್ತದೆ, ಬೆರಳು ಸವರಿದರೆ ನೀರು ಇಳಿಯುತ್ತದೆ. ಅದರ ಸುತ್ತಲಿನ ಕವಚದಲ್ಲಿ ತಣ್ಣನೆಯ ದ್ರವ ಹರಿಯುತ್ತಿರುತ್ತದೆ. ಬಿಳಿ ವೈನನ್ನು ಸುಮಾರು 12ರಿಂದ 16 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಿಸುತ್ತಾರೆ, ಬಿಸಿ ಏರಿದರೆ ಹಣ್ಣಿನ ವಾಸನೆ ಹಾರಿಹೋಗುತ್ತದೆ. ಕೆಂಪಿಗೆ 25ರ ಆಸುಪಾಸು ಅಥವಾ ಮೇಲೆ. ಅಲ್ಲಿ ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಪದರವಾಗುತ್ತದೆ, ದಿನಕ್ಕೆ ಎರಡು ಮೂರು ಬಾರಿ ಅದರ ಮೇಲೆ ರಸ ಸುರಿದು ನೆನೆಸುತ್ತಾರೆ. ಹುದುಗುತ್ತಿರುವ ಟ್ಯಾಂಕಿನ ಬಾಯಿಗೆ ಮಾತ್ರ ಯಾರೂ ತಲೆ ಹಾಕಬೇಡಿ. ಅಲ್ಲಿ ತುಂಬಿರುವುದು ಇಂಗಾಲದ ಡೈಆಕ್ಸೈಡ್, ಉಸಿರು ಕಟ್ಟಿ ಜೀವ ಹೋಗುತ್ತದೆ.

ವೈನ್‌ಮೇಕರ್ ಬದಲಾದರೆ ತೋಟ ಬದಲಾಗುವುದಿಲ್ಲ, ತೀರ್ಮಾನಗಳು ಬದಲಾಗುತ್ತವೆ. ಅವುಗಳಲ್ಲಿ ದೊಡ್ಡದು ಕೊಯ್ಲಿನ ದಿನ. ನಮ್ಮ ಬಿಸಿಲಿಗೆ ಹಣ್ಣಿನ ಸಕ್ಕರೆ ಬೇಗ ಏರಿ ಹುಳಿ ಬೇಗ ಇಳಿಯುತ್ತದೆ. 24 ಬ್ರಿಕ್ಸ್‌ಗೆ (ರಸದ ಸಕ್ಕರೆಯ ಅಳತೆ) ಕಾಯುತ್ತಿದ್ದವರ ಜಾಗಕ್ಕೆ 22ಕ್ಕೇ ಕೊಯ್ಯುವವರು ಬಂದರೆ ಮದ್ಯಾಂಶ ಸುಮಾರು ಒಂದು ಶೇಕಡಾ ಅಂಶ ತಗ್ಗುತ್ತದೆ, ಹುಳಿ ಉಳಿಯುತ್ತದೆ. ಸೋವಿನ್ಯೋಂ ಬ್ಲಾಂನಲ್ಲಿ ಇದು ಮೂಗಿಗೇ ಸಿಗುತ್ತದೆ: ಬೇಗ ಕೊಯ್ದದ್ದರಲ್ಲಿ ದೊಣ್ಣೆಮೆಣಸಿನಕಾಯಿ, ಹಸಿ ಹುಲ್ಲು, ತಡವಾದರೆ ಮಾಗಿದ ಸೀಬೆ, ಅನಾನಸ್. ಕೆಂಪಿನಲ್ಲಿ ನೋಡಬೇಕಾದದ್ದು ಒಗರು. ನೇರಳೆಹಣ್ಣು ತಿಂದಾಗ ನಾಲಗೆ ಹಿಡಿಯುವ ಆ ಒಗರು ಸಿಪ್ಪೆ ಎಷ್ಟು ದಿನ ನೆನೆಯಿತು, ರಸವನ್ನು ಎಷ್ಟು ಹಿಂಡಿದರು ಎಂಬುದನ್ನು ಹೇಳುತ್ತದೆ. ಲವಂಗ, ವೆನಿಲ್ಲಾ, ಹೊಗೆಯ ವಾಸನೆ ಮುಂದಾಗಿದ್ದರೆ ಅದು ಪೀಪಾಯಿಯ ಕೊಡುಗೆ. ಹೊಸ ಪೀಪಾಯಿಯ ಪಾಲು ಎಷ್ಟು ಎಂದು ಕೇಳಿ.

ಟೇಸ್ಟಿಂಗ್‌ನಲ್ಲಿ ಒಂದು ಸಲಕ್ಕೆ ಸುಮಾರು 30 ಮಿಲಿ ಸುರಿಯುತ್ತಾರೆ. ಐದು ಸುತ್ತಿಗೆ 150 ಮಿಲಿ, ಅಂದರೆ ಒಂದು ತುಂಬು ಗ್ಲಾಸ್. ಉಗುಳುವ ಪಾತ್ರೆ ಕೇಳಿ ಪಡೆಯಿರಿ, ನಾಚಿಕೆ ಬೇಡ, ಕಸುಬಿನವರೆಲ್ಲ ಉಗುಳುವವರೇ. ಹಿಂದಿನ ಒಂದು ಗಂಟೆ ಕಾಫಿ, ಎಲೆ ಅಡಿಕೆ, ಏಲಕ್ಕಿ ಬೇಡ. ಖಾರದ ಚಟ್ನಿ ಹೊಡೆದು ಬಂದ ನಾಲಗೆಗೆ ಕೆಂಪು ವೈನ್ ಬರೀ ಉರಿ. ಹಾಗೆಂದು ಖಾಲಿ ಹೊಟ್ಟೆಯಲ್ಲೂ ಬರಬೇಡಿ. ಸೆಂಟ್ ಹಾಕಿಕೊಂಡರೆ ಪಕ್ಕದವರ ಗ್ಲಾಸೂ ಕೆಟ್ಟಂತೆ. ಮಾರ್ಚ್ ಬಿಸಿಲಲ್ಲಿ ಕೆಂಪು ವೈನನ್ನು ಹಾಗೇ ಕೊಟ್ಟರೆ ಮದ್ಯದ ಘಾಟು ಮೂಗಿಗೆ ಹೊಡೆಯುತ್ತದೆ, 16–18 ಡಿಗ್ರಿಗೆ ತಣಿಸಿ ಕೊಡಿ ಎನ್ನಿ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕಿನ ದೋಷ. ಹೆಚ್ಚಿಟ್ಟು ಕಪ್ಪಾದ ಸೇಬಿನಂತೆ ಅನಿಸಿದರೆ ಬಾಟಲಿ ತೆರೆದು ದಿನಗಳಾಗಿವೆ. ಎರಡಕ್ಕೂ ಹೊಸಬರನ್ನು ದೂರಬೇಡಿ, ಬೇರೆ ಬಾಟಲಿ ತೆಗೆಸಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಗ್ಲಾಸನ್ನು ಚೆನ್ನಾಗಿ ತಿರುಗಿಸಿ ಐದು ನಿಮಿಷ ಬಿಡಿ, ಎಷ್ಟೋ ಸಲ ಹೋಗುತ್ತದೆ.

ಕೊಳ್ಳುವುದಿದ್ದರೆ ಒಂದೇ ವೈನಿನ ಎರಡು ಕೊಯ್ಲು, ಹಳಬರದೊಂದು ಹೊಸಬರದೊಂದು, ಕೊಂಡು ಮನೆಯಲ್ಲಿ ಊಟದ ಜೊತೆ ಮತ್ತೆ ಹೋಲಿಸಿ. ಬಿಲ್ ಜೋಪಾನ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ವೈನ್ ಬೆಂದು ಕಾರ್ಕ್ ಮೇಲೆದ್ದು ಬರುತ್ತದೆ, ಥರ್ಮಕೋಲ್ ಡಬ್ಬ ತಂದಿರಿ. ಅಲ್ಲಿಂದ ನೇರ ವಿಮಾನ ಹತ್ತುವವರು ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೆಕ್‌ಇನ್ ಬ್ಯಾಗಿಗೇ ಹಾಕಬೇಕು. ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಬಿಟ್ಟುಹೋಗಬೇಕಾಗುತ್ತದೆ.