ಚಾರ್ಮಾಡಿ ಘಾಟಿಯಲ್ಲಿ ಕುದಿಯುತ್ತಿದ್ದ ಅಂಬಾಸಿಡರ್

ಅಪ್ಪ ಬಹುಕಾಲ ಓಡಿಸಿದ ಅಂಬಾಸಿಡರಿನ 1489 ಸಿಸಿ ಎಂಜಿನ್ ಇನ್ನು ರಿಪೇರಿಗೆ ಬಗ್ಗದು ಎಂದಾದಾಗ, ಕಾರನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಆರ್‌ಟಿಓ ಅನುಮತಿ ಪಡೆದು, ನಂತರದ ಅಂಬಾಸಿಡರುಗಳಲ್ಲಿ ಬರುತ್ತಿದ್ದ 1817 ಸಿಸಿ ಇಸುಜು ಪೆಟ್ರೋಲ್ ಎಂಜಿನ್ ಕೂರಿಸಿದೆವು. ಮೂಡಿಗೆರೆಯಿಂದ ಹಾಸನಕ್ಕೆ ಹೋಗಿ ಬಂದರೂ ತಾಪದ ಮುಳ್ಳು ನಡುವಿನಿಂದ ಅಲುಗಲಿಲ್ಲ. ಆದರೆ ಧರ್ಮಸ್ಥಳದಿಂದ ಹಿಂದಿರುಗುವಾಗ, ಚಾರ್ಮಾಡಿ ಘಾಟಿಯಲ್ಲಿ ಲಾರಿಯೊಂದರ ಹಿಂದೆ ಎರಡನೇ ಗೇರಿನಲ್ಲಿ ಏರುತ್ತಿದ್ದಂತೆ, ಮುಳ್ಳು ಕೆಂಪು ಗೆರೆ ಮುಟ್ಟಿತು.

ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ನಿಲ್ಲಿಸಿ ಬಾನೆಟ್ ಎತ್ತಿದೆ. "ಮುಚ್ಚಳ ಮುಟ್ಬೇಡ ಮಾರಾಯ, ಮೊದ್ಲು ತಣ್ಣಗಾಗ್ಲಿ" ಎಂದರು ಅಪ್ಪ. ಅವರ ಮಾತಿನಲ್ಲಿ ಅರ್ಥವಿತ್ತು. 0.9 ಬಾರ್ ಒತ್ತಡ ತಡೆಯುವ ರೇಡಿಯೇಟರ್ ಮುಚ್ಚಳದೊಳಗೆ ನೀರು ಸುಮಾರು 118 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ಮುಚ್ಚಳ ತಿರುಗಿಸಿದ ಕ್ಷಣದಲ್ಲೇ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದೆವು.

ಗ್ಯಾರೇಜಿನಲ್ಲಿ ಮೊದಲು, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ವಾಲ್ವನ್ನೇ ಕಿತ್ತುಹಾಕಿದರು, ಆಮೇಲೆ ದಪ್ಪನೆಯ ರೇಡಿಯೇಟರ್ ಹಾಕಿದರು. ಎರಡರಿಂದಲೂ ಘಾಟಿಯ ತೊಂದರೆ ತಪ್ಪಲಿಲ್ಲ. ವಾಲ್ವ್ ತೆಗೆಯುವುದು ನಮ್ಮಲ್ಲಿ ಬಹಳ ಕಡೆ ರೂಢಿಯಲ್ಲಿದೆಯಾದರೂ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಎಂಜಿನ್ ಸರಿಯಾದ ತಾಪಕ್ಕೆ ಬರುವುದೇ ನಿಧಾನವಾಗಿ ಪೆಟ್ರೋಲೂ ಹೆಚ್ಚು ಸುಡುತ್ತದೆ.

ಹಳೆಯ ಕಾರಿನ ಮೀಟರಿಗೂ ಹೊಸ ಎಂಜಿನ್ನಿನ ಸೆನ್ಸರಿಗೂ ಹೊಂದಾಣಿಕೆ ಇಲ್ಲದೆ ಮುಳ್ಳು ಸುಳ್ಳು ಹೇಳುವುದುಂಟು. ಹಾಗಾಗಿ ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಂಡು ಮತ್ತೊಮ್ಮೆ ಘಾಟಿ ಹತ್ತಿದೆ. ಅರ್ಧ ದಾರಿಯಲ್ಲೇ ಥರ್ಮೋಸ್ಟ್ಯಾಟ್ ಇರಬೇಕಾದ ಜಾಗ 108 ಡಿಗ್ರಿ ತೋರಿಸಿದಾಗ, ಮುಳ್ಳು ನಿಜವನ್ನೇ ಹೇಳುತ್ತಿದೆ ಎಂದು ಖಚಿತವಾಯಿತು. ಹೆದ್ದಾರಿಯ ವೇಗದಲ್ಲಿ ತಣ್ಣಗಿದ್ದು ನಿಧಾನದ ಏರಿನಲ್ಲಿ ಮಾತ್ರ ಕುದಿಯುವ ಎಂಜಿನ್ನಿಗೆ ಕೊರತೆಯಾಗುತ್ತಿರುವುದು ಬಹುಮಟ್ಟಿಗೆ ನೀರಲ್ಲ, ಗಾಳಿ. ವೇಗದಲ್ಲಿ ತಾನಾಗಿ ನುಗ್ಗುವ ಗಾಳಿಯನ್ನು ಏರಿನಲ್ಲಿ ಫ್ಯಾನೇ ಎಳೆಯಬೇಕು.

ಮನೆಯಂಗಳದಲ್ಲಿ ಎಂಜಿನ್ ಚಾಲೂ ಮಾಡಿ, ಊದುಬತ್ತಿ ಹಚ್ಚಿ, ಕೈಯನ್ನು ಬೆಲ್ಟಿನಿಂದ ದೂರವಿಟ್ಟುಕೊಂಡು ಹೊಗೆಯನ್ನು ನೋಡುತ್ತ ಹೋದೆ. ರೇಡಿಯೇಟರಿನ ಮುಂದೆ, ಮೂಲೆಗಳಲ್ಲಿ ಹಿಡಿದಾಗ ಹೊಗೆ ನೆಟ್ಟಗೆ ಮೇಲಕ್ಕೇ ಏಳುತ್ತಿತ್ತು. ಹಿಂದಕ್ಕೆ ಹೋಗಿ ರೇಡಿಯೇಟರಿಗೂ ಫ್ಯಾನಿಗೂ ನಡುವಿನ ತೆರವಿನ ಪಕ್ಕದಲ್ಲಿ ಹಿಡಿದೆ. ಹೊಗೆಯ ಎಳೆ ತಟ್ಟನೆ ಬಾಗಿ ಫ್ಯಾನಿನೊಳಕ್ಕೆ ಸೆಳೆದುಹೋಯಿತು. ಎಂಜಿನ್ನನ್ನು ಹಿಡಿದಿಡುವ ಹೊಸ ಮೌಂಟಿಂಗುಗಳಿಂದಾಗಿ ಅದು ಹಿಂದೆ ಸರಿದು ನಾಲ್ಕು ಇಂಚಿನ ತೆರವು ಉಳಿದಿತ್ತು, ಸುತ್ತ ಕವರೂ ಇರಲಿಲ್ಲ. ಫ್ಯಾನು ರೇಡಿಯೇಟರಿನ ಮೂಲಕ ಹೊರಗಿನ ಗಾಳಿಯನ್ನು ಎಳೆಯುವ ಬದಲು, ಬಾನೆಟ್ಟಿನಡಿಯ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ತಿರುವುತ್ತಿತ್ತು.

ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು ಟಿಂಕರ್ ಕೆಲಸದವರ ಬಳಿಗೆ ಹೋದೆ. ಅವರು ತಗಡಿನಲ್ಲಿ, ರೇಡಿಯೇಟರಿನ ಪೂರ್ತಿ ಅಗಲವನ್ನು ಅಪ್ಪಿಕೊಂಡು ಫ್ಯಾನಿನ ಕಡೆಗೆ ಕಿರಿದಾಗುತ್ತ ಬರುವ ಕವರನ್ನು ತಟ್ಟಿಕೊಟ್ಟರು. ಫ್ಯಾನಿನ ಎಲೆಗಳ ಅರ್ಧ ಭಾಗ ಕವರಿನ ಒಳಗೂ ಅರ್ಧ ಹೊರಗೂ ಇರುವಂತೆ, ತುದಿಗೂ ತಗಡಿಗೂ ಸುಮಾರು ಮುಕ್ಕಾಲು ಇಂಚು ಬಿಟ್ಟು ಕೂರಿಸಿದೆವು. ಓಡುವಾಗ ಎಂಜಿನ್ ಅಲುಗುತ್ತದಾದ್ದರಿಂದ ಅಷ್ಟು ಜಾಗ ಬೇಕೇ ಬೇಕು. 82 ಡಿಗ್ರಿಗೆ ತೆರೆಯುವ ಹೊಸ ಥರ್ಮೋಸ್ಟ್ಯಾಟನ್ನೂ ಹಾಕಿ, ಕಾರಿನ ಮೂತಿಯನ್ನು ಏರುದಿಬ್ಬದಲ್ಲಿ ನಿಲ್ಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೂಲೆಂಟ್ ತುಂಬಿದೆ.

ಮರುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಜಿರೆಯಿಂದ ಹೊರಟೆ. ಈ ಸಲವೂ ಮುಂದೆ ಮರಳಿನ ಲಾರಿಯೊಂದಿತ್ತು, ಹಿಂದಿಕ್ಕಲು ಜಾಗವಿರಲಿಲ್ಲ. ಗುಡಿಯ ಬಳಿ ಅಪ್ಪ ಮೀಟರಿನತ್ತ ಬಗ್ಗಿ ನೋಡಿದರು, ಏನೂ ಹೇಳಲಿಲ್ಲ. ಕೊಟ್ಟಿಗೆಹಾರದಲ್ಲಿ ಬಾನೆಟ್ ಎತ್ತಿ ಅಳೆದಾಗ 91 ಡಿಗ್ರಿ ಇತ್ತು. ಅವರು ಥರ್ಮಾಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮತ್ತೊಮ್ಮೆ ಅಳೆದು, "ಸರಿ, ಬಾ, ನೀರುದೋಸೆ ತಿನ್ನುವ" ಎಂದರು.