ಮರುಭೂಮಿ ಪಾರ್ಕಿಗೆ ಕ್ಯಾಮೆರಾ ಹೊತ್ತು ಹೊರಟ ಮಲೆನಾಡಿನವರಿಗೆ

ಮೊದಲಿಗೇ ಹೇಳಿಬಿಡುತ್ತೇನೆ. ರಾಜಸ್ಥಾನದ ಜೈಸಲ್ಮೇರ್ ಹತ್ತಿರದ ಡೆಸರ್ಟ್ ನ್ಯಾಷನಲ್ ಪಾರ್ಕಿಗೆ ಹಕ್ಕಿ ಫೋಟೋಗೆಂದು ಹೋಗುವವರು ಸಮ್ ಮರಳು ದಿಬ್ಬದ ಹತ್ತಿರ ಟೆಂಟ್ ಬುಕ್ ಮಾಡಬೇಡಿ. ಶಿವಮೊಗ್ಗ ಬಿಡುವ ಮುಂಚೆ ಇದೊಂದು ಮಾತು ಯಾರಾದರೂ ಹೇಳಿದ್ದರೆ ನಮಗೆ ಒಂದು ಇಡೀ ದಿನ ಉಳಿಯುತ್ತಿತ್ತು, ಒಂಬತ್ತು ಸಾವಿರ ರೂಪಾಯಿಯೂ ಉಳಿಯುತ್ತಿತ್ತು.

ನಾನು ಮತ್ತು ಸಾಗರದ ನಮ್ಮ ಭಾವ, ಇಬ್ಬರೇ ಡಿಸೆಂಬರಿನಲ್ಲಿ ಹೋಗಿದ್ದು. ಹುಬ್ಬಳ್ಳಿಯಿಂದ ಜೋಧ್‌ಪುರಕ್ಕೆ ರೈಲು, ಅಲ್ಲಿಂದ ಬಾಡಿಗೆ ಕಾರು. ಇಬ್ಬರ ತಲೆಯಲ್ಲೂ ಇದ್ದದ್ದು ಎರೆಭೂತ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಮ್ಮ ಸಿರುಗುಪ್ಪ ಕಡೆಯ ಎರೆಹೊಲಗಳಲ್ಲೂ ಇದ್ದ ಹಕ್ಕಿ ಅದು. ಈಗ ಇಡೀ ದೇಶದಲ್ಲಿ ಉಳಿದಿರುವುದು 150ರ ಆಸುಪಾಸು, ಅದರಲ್ಲೂ ಜಾಸ್ತಿ ಜೈಸಲ್ಮೇರ್ ಸುತ್ತಲೇ.

ಜೈಸಲ್ಮೇರ್‌ನಲ್ಲಿ ಒಬ್ಬ ಏಜೆಂಟ್ ಸಿಕ್ಕ. ‘ನ್ಯಾಷನಲ್ ಪಾರ್ಕ್ ಸಫಾರಿ, ಟೆಂಟ್, ಊಟ ಎಲ್ಲ ಸೇರಿ’ ಎಂದು ದುಡ್ಡು ತೆಗೆದುಕೊಂಡ. ಜೀಪು ಹೋಗಿದ್ದು ಮರಳು ದಿಬ್ಬಕ್ಕೆ. ನಾಲ್ಕು ಸಲ ಹತ್ತಿಸಿ ಇಳಿಸಿ, ಅರ್ಧ ಗಂಟೆಯಲ್ಲಿ ಸಫಾರಿ ಮುಗಿಯಿತು ಅಂದರು. ಮರಳಿನ ತುಂಬ ಚಕ್ರದ ಗುರುತು, ಒಂದು ಚಿತ್ರವೂ ಸಿಗಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಅಕ್ಕಪಕ್ಕದ ಟೆಂಟುಗಳಲ್ಲಿ ಸ್ಪೀಕರ್ ಹಾಡು. ಚಳಿಗೆ ಕೊಟ್ಟಿದ್ದು ಒಂದು ತೆಳು ಕಂಬಳಿ. ಬೆಳಗ್ಗೆ ಪಾರ್ಕ್ ಯಾವಾಗ ಅಂತ ಕೇಳಿದರೆ, ಅದಕ್ಕೆ ಪರವಾನಗಿ ಬೇಕಂತೆ, ಅದು ಅವನ ಹತ್ತಿರ ಇಲ್ಲವೇ ಇಲ್ಲ.

ಹಾಗಾಗಿ ನೀವು ಪರವಾನಗಿಯನ್ನು ಹಿಂದಿನ ದಿನವೇ ಜೈಸಲ್ಮೇರ್‌ನ ಅರಣ್ಯ ಇಲಾಖೆ ಕಚೇರಿಗೆ ಹೋಗಿ ನೀವೇ ಮಾಡಿಸಿ. ಗುರುತಿನ ಚೀಟಿ ಜೊತೆಗಿರಲಿ. ಪಾರ್ಕಿನೊಳಗಿನ ಸುದಾಸರಿ ಎಂಬ ಜಾಗ ಕೇಳಿ, ಅದರ ದಾರಿ ಗೊತ್ತಿರುವ ಸ್ಥಳೀಯ ಡ್ರೈವರ್ ಹುಡುಕಿ. ಡ್ರೋನ್ ಮನೆಯಲ್ಲೇ ಬಿಡಿ, ಅದು ಗಡಿ ಸೀಮೆ.

ಪಾರ್ಕ್ 3,162 ಚದರ ಕಿಲೋಮೀಟರ್ ಇದೆ. ಆದರೆ ಕ್ಯಾಲೆಂಡರಿನಲ್ಲಿ ನೋಡುವ ಹಾಗೆ ಬರೀ ಮರಳಲ್ಲ. ಹೆಚ್ಚಿನದು ಕಲ್ಲು ನೆಲ, ಸೇವಣ್ ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ಭಾವ ಸುಮಾರು ಹೊತ್ತು ಸುಮ್ಮನೆ ನೋಡಿ, “ಬೇಸಿಗೇಲಿ ನಮ್ಮೂರ ಬ್ಯಾಣ (ಹುಲ್ಲುಗಾವಲು) ಇದ್ದಂಗೇ ಇದ್ಯಲ್ಲ ಮಾರಾಯ” ಎಂದರು. ನನಗೂ ಹಾಗೇ ಅನ್ನಿಸಿತ್ತು. ಆ ಮರಗಳನ್ನು ಡ್ರೈವರ್ ಖೇಜ್ರಿ ಎಂದ. ಹತ್ತಿರ ಹೋಗಿ ಎಲೆ ನೋಡಿದರೆ ನಮ್ಮ ಬನ್ನಿ ಮರ!

ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ 7 ಗಂಟೆ ದಾಟಿರುತ್ತದೆ. ಒಳ್ಳೆಯ ಚಿತ್ರಕ್ಕೆ ಸಿಗುವುದು ಅಲ್ಲಿಂದ ಒಂದೂವರೆ, ಎರಡು ಗಂಟೆ ಅಷ್ಟೆ. ನೆಲ ಕಾದ ಮೇಲೆ ಗಾಳಿ ನಡುಗತೊಡಗುತ್ತದೆ. ಆಮೇಲೆ ಎಷ್ಟು ದೊಡ್ಡ ಲೆನ್ಸ್ ಇದ್ದರೂ ದೂರದ ಹಕ್ಕಿ ನೀರೊಳಗೆ ಇದ್ದ ಹಾಗೆ ಕಾಣುತ್ತದೆ. ಮೊದಲ ದಿನ ಹತ್ತೂವರೆಗೆ ನನಗೆ ಸಿಕ್ಕ ಎರೆಭೂತದ ಚಿತ್ರಗಳೆಲ್ಲ ಹೀಗೇ ಹಾಳಾದವು. ಮಾರನೇ ದಿನ ಏಳೂವರೆಗೆ ಎರಡು ಹಕ್ಕಿ ಕಂಡವು. ಒಂದರ ಬಿಳಿ ಕುತ್ತಿಗೆ, ತಲೆಯ ಮೇಲಿನ ಕಪ್ಪು ಟೋಪಿ ಹುಲ್ಲಿನ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಅವುಗಳ ಹಿಂದೆ ಕರೆಂಟಿನ ತಂತಿ. ಈ ಹಕ್ಕಿಗೆ ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ, ಮೈಭಾರವೂ ಜಾಸ್ತಿ. ತಂತಿ ಕಂಡಾಗ ತಿರುಗಲಾಗದೆ ಬಡಿದು ಸಾಯುತ್ತವೆ. ಭಾವ ತಂತಿ ಬರದ ಕೋನ ಹುಡುಕುತ್ತಿದ್ದರು. ನಾನು ತಂತಿ ಸೇರಿಸಿಯೇ ತೆಗೆದೆ. ದಯವಿಟ್ಟು ಗಾಡಿಯಿಂದ ಇಳಿದು ಹತ್ತಿರ ಹೋಗಬೇಡಿ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಅದು, ಹೆದರಿಸಿ ಓಡಿಸಬಾರದು.

ಕ್ಯಾಮೆರಾ ವಿಷಯ. ಆಗುಂಬೆಯಲ್ಲಿ ಲೆನ್ಸಿನ ಮೇಲೆ ಮಂಜು ಕೂತರೆ ಬಟ್ಟೆಯಲ್ಲಿ ಒರೆಸಿ ಅಭ್ಯಾಸ ನಮಗೆ. ಅಲ್ಲಿ ಹಾಗೆ ಒರೆಸಿದರೆ ಮರಳು ಗಾಜನ್ನೇ ಗೀಚುತ್ತದೆ. ಮೊದಲು ಬ್ಲೋವರ್‌ನಿಂದ ಗಾಳಿ ಊದಿ. ಬಯಲಲ್ಲಿ ಲೆನ್ಸ್ ಬದಲಿಸಲೇಬೇಡಿ. ಮರಳು ತುಂಬಿದ ಚಿತ್ರ ಮಂಕಾಗಿ ಬರುತ್ತದೆ, ಎಕ್ಸ್‌ಪೋಶರ್ (ಚಿತ್ರದ ಬೆಳಕು) 0.7ರಿಂದ 1 ಸ್ಟಾಪ್‌ನಷ್ಟು ಏರಿಸಿ. ನಮ್ಮ ಕಾಡಿನ ಕತ್ತಲೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇನ್ನು ಊಟ. ಜೈಸಲ್ಮೇರ್ ಹತ್ತಿರದ ಖೂರಿ ಎಂಬ ಹಳ್ಳಿಯ ರಸ್ತೆಯಲ್ಲಿ ಹುಲ್ಲಿನ ಮಾಡಿನ ಒಂದು ಸಣ್ಣ ಢಾಬಾ, ಬೋರ್ಡೂ ಇಲ್ಲ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಸಜ್ಜೆ ರೊಟ್ಟಿ ಒಲೆಯಿಂದ ತೆಗೆದು, ಬೆರಳಲ್ಲಿ ಅಲ್ಲಲ್ಲಿ ಗುಳಿ ಮಾಡಿ ತುಪ್ಪ ತುಂಬಿಸಿ ಕೊಟ್ಟರು. ಪಕ್ಕದಲ್ಲಿ ಬೆಲ್ಲ, ಬೆಳ್ಳುಳ್ಳಿ ಚಟ್ನಿ, ದೊಡ್ಡ ಲೋಟದಲ್ಲಿ ಮಜ್ಜಿಗೆ. ಪಲ್ಯ ಕೇರ್ ಸಾಂಗ್ರಿ. ಕೇರ್ ಅಂದರೆ ಮರುಭೂಮಿಯ ಪೊದೆಯೊಂದರ ಸಣ್ಣ ಕಾಯಿ, ಸಾಂಗ್ರಿ ಅಂದರೆ ಅದೇ ಬನ್ನಿ ಮರದ ಕಾಯಿ, ಒಣಗಿಸಿ ಇಟ್ಟು ವರ್ಷವಿಡೀ ತಿನ್ನುತ್ತಾರೆ. ಹುಳಿ, ಖಾರ, ಸ್ವಲ್ಪ ಒಗರು. ಮಿಡಿ ಉಪ್ಪಿನಕಾಯಿ ತಿಂದು ಬೆಳೆದವರಿಗೆ ಖಂಡಿತ ಹಿಡಿಸುತ್ತದೆ. ಒಬ್ಬರಿಗೆ 120 ರೂಪಾಯಿ, ಸಾಕು ಎನ್ನುವವರೆಗೂ ಬಡಿಸುತ್ತಾರೆ. ಮೂರು ದಿನವೂ ಅಲ್ಲೇ ಉಂಡೆವು. ಉಳಿದುಕೊಳ್ಳುವುದಕ್ಕೂ ಖೂರಿಯ ಮನೆಗಳೇ ವಾಸಿ, ರಾತ್ರಿ ಸದ್ದಿಲ್ಲ.

ವಾಪಸ್ ಬರುವಾಗ ಫಲೋದಿ ಪಕ್ಕದ ಖೀಚನ್ ಬಿಡಬೇಡಿ. ಮಂಗೋಲಿಯಾ ಕಡೆಯಿಂದ ಬರುವ ಕುರ್ಜಾ (ಡೆಮೊಯ್ಸೆಲ್ ಕ್ರೇನ್) ಕೊಕ್ಕರೆಗಳಿಗೆ ಊರವರೇ ದಿನಾ ಬೆಳಗ್ಗೆ ಕಾಳು ಹಾಕುತ್ತಾರೆ. ಶಿವಮೊಗ್ಗ ಹತ್ತಿರದ ನಮ್ಮ ಮಂಡಗದ್ದೆ ಪಕ್ಷಿಧಾಮದಲ್ಲಿ ಹಕ್ಕಿ ಹೊಳೆ ನಡುವೆ, ನಾವು ದಡದಲ್ಲಿ. ಇಲ್ಲಿ ಸಾವಿರಾರು ಹಕ್ಕಿ ಊರ ಮನೆಗಳ ಮೇಲೇ ಹಾರಿ ಬಂದು ಇಳಿಯುತ್ತವೆ. ಒಬ್ಬ ಅಜ್ಜ ತಮ್ಮ ತಾರಸಿಗೆ ನಮ್ಮನ್ನು ಹತ್ತಿಸಿ, ಕೂರಲು ಚಾಪೆ ಹಾಕಿಕೊಟ್ಟರು. ಇಳಿಯುವಾಗ ಎಷ್ಟು ಕೊಡಬೇಕು ಎಂದು ಕೇಳಿದೆವು. ನಮಗೇನೂ ಬೇಡ, ಹಕ್ಕಿ ಕಾಳಿಗೆ ಕೊಡಿ ಎಂದರು. ಎರಡು ಚೀಲ ಜೋಳದ ದುಡ್ಡು ಕೊಟ್ಟು ಬಂದೆವು.